ಜರ್ಮನ್ ಕುಲೀನರ ಹಳೇ ಮುಖಚಿತ್ರ ಪದಕ ಕೊಳ್ಳುವಾಗ ಅಸಲಿ ಎರಕವನ್ನು ಗುರುತಿಸೋದು ಹೇಗೆ?

16ನೇ ಶತಮಾನದ ಪದಕ ಅಂದರೆ ಮೊದಲು ಅಳತೆ ನೋಡಿ. ಕಾದ ಲೋಹ ಆರುವಾಗ ಕುಗ್ಗುತ್ತದೆ ಅಲ್ವಾ? ಹಾಗಾಗಿ ಹಳೇ ಪದಕದಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲು ಮೂಲಕ್ಕಿಂತ ಒಂಚೂರು ಚಿಕ್ಕದಾಗಿರುತ್ತದೆ. ಮ್ಯೂಸಿಯಂ ಕ್ಯಾಟಲಾಗಿನ ಅಳತೆಯ ಜೊತೆ ಹೋಲಿಸಿ. ಒಂದೆರಡು ಮಿಲಿಮೀಟರ್ ಕಮ್ಮಿ ಇದ್ದರೂ ಅನುಮಾನ ಪಡಿ.

ಆಮೇಲೆ ಲೆನ್ಸ್ ಹಿಡಿದು ಗಡ್ಡ, ಕೂದಲು ನೋಡಿ. ಅಚ್ಚು ತೆಗೆಯೋಕೆ ಇಟಲಿಯವರು ಮಾದರಿ ಮಾಡುತ್ತಿದ್ದದ್ದು ಜಾಸ್ತಿ ಮೇಣದಲ್ಲಿ. ಜರ್ಮನ್ ಪದಕ ಕಲಾವಿದರಲ್ಲಿ ಆಗ್ಸ್‌ಬರ್ಗ್‌ನ ಹಾನ್ಸ್ ಶ್ವಾರ್ಟ್ಸ್ ಮರದಲ್ಲಿ ಕೆತ್ತಿದ, ನ್ಯೂರೆಂಬರ್ಗ್‌ನ ಮಾಥೆಸ್ ಗೇಬೆಲ್ ಕಲ್ಲಿನಲ್ಲಿ. ಆ ಉಳಿಯ ಚೂಪು ಒಳ್ಳೆಯ ಎರಕದಲ್ಲಿ ಒಂದೊಂದು ಕೂದಲಿನಲ್ಲೂ ಕಾಣುತ್ತದೆ. ನಕಲಿನಲ್ಲಿ ಬಳಸಿ ಸವೆದ ಸೋಪಿನ ಹಾಗೆ ಎಲ್ಲ ಮೊಂಡು.

ಸೀಸದ್ದು ಅಂತ ಸುಮ್ನೆ ಬಿಟ್ಟುಬಿಡಬೇಡಿ. ಸೀಸದಲ್ಲಿ ಗೆರೆಗಳು ತುಂಬಾ ಚೆನ್ನಾಗಿ ಮೂಡುತ್ತವೆ, ನನಗಂತೂ ಅವೇ ಹೆಚ್ಚು ಇಷ್ಟ.