ದೂರದ ಹಣ್ಣು, ತಾಜಾತನದ ಗುರುತು

ಪ್ರಶ್ನೆ: ಬೆಳೆಯುವ ನಾಡಿನಿಂದ ಬಹುದೂರದ ನಗರದಲ್ಲಿರುವ ನನಗೆ ತಾಜಾ ಮ್ಯಾಂಗೊಸ್ಟೀನ್, ರಂಬುಟಾನ್ ಸಿಗುವುದು ಹೇಗೆ? ಕಳೆದ ಬಾರಿ ಕೊಂಡ ಮ್ಯಾಂಗೊಸ್ಟೀನ್ ಸಿಪ್ಪೆ ಕಲ್ಲಿನಂತಿತ್ತು.

ಉತ್ತರ: ಸಿಪ್ಪೆ ಹಾಗೆ ಗಟ್ಟಿಯಾಗಲು ಸಾಗಣೆಯಲ್ಲಿ ಬಿದ್ದ ಪೆಟ್ಟು, ಅತಿಯಾದ ಶೀತ ಅಥವಾ ಹಳತಾಗಿರುವುದು ಕಾರಣವಾಗಿರುತ್ತದೆ, ಆದ್ದರಿಂದ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತುಸು ಬಾಗುವ, ತೊಟ್ಟಿನ ಬಳಿಯ ಎಸಳುಗಳು ಇನ್ನೂ ಹಸಿರಾಗಿರುವ ಹಣ್ಣನ್ನೇ ಆರಿಸಿಕೊಳ್ಳಿ. ಅದರ ಬುಡದಲ್ಲಿ ಹೂವಿನಂಥ ಗುರುತೊಂದಿರುತ್ತದೆ. ಅದರ ದಳಗಳು ಎಷ್ಟೋ ಒಳಗಿನ ತೊಳೆಗಳೂ ಅಷ್ಟೇ ಎಂಬುದು ನನಗೆ ಇಂದಿಗೂ ಬೆರಗು. ರಂಬುಟಾನ್ ಕೊಯ್ದ ಮೇಲೆ ಮಾಗುವುದಿಲ್ಲ. ಅದರ ಕೂದಲಿನಂಥ ಎಳೆಗಳು ಕಪ್ಪಾಗಿ ಒಣಗಿದ್ದರೆ ಹಣ್ಣು ಹಳತೆಂದೇ ತಿಳಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಸರಕು ಬರುವ ದಿನವನ್ನು ವ್ಯಾಪಾರಿಯಿಂದಲೇ ಕೇಳಿ ತಿಳಿದು, ಅಂದೇ ಕೊಂಡುಕೊಳ್ಳಿ.