ಬಿತ್ತುವ ಮುಂಚೆ ಕೀಳುವ ಕೈ ಎಣಿಸಿ

ಪ್ರಶ್ನೆ: ಸವಣೂರು ಹತ್ತಿರ ನಮ್ಮದು 30 ಗುಂಟೆ ಜಮೀನು, ಬೋರ್ ನೀರಿದೆ. ಹೋದ ಮುಂಗಾರಿಗೆ ಮೆಂತ್ಯೆ, ಬೆಂಡೆ, ಚವಳಿಕಾಯಿ (ಗೋರಿಕಾಯಿ) ಹಾಕಿದ್ದೆವು. ಚೆನ್ನಾಗೇ ಬಂತು. ಆದರೆ ಎಲ್ಲಾ ಒಟ್ಟಿಗೇ ಕೀಳೋಕೆ ಬಂದು, ಆಳು ಸಿಗದೆ ಅರ್ಧ ಹೊಲದಲ್ಲೇ ಬಲಿತು ಹೋಯಿತು. ಈ ಸಲ ಏನು ಮಾಡಲಿ?

ಉತ್ತರ: ಬೇಜಾರು ಮಾಡ್ಕೋಬೇಡಿ, ಓದಿ ನಗು ಬಂತು. ರಾಣೆಬೆನ್ನೂರು ಕಡೆ ನಮ್ಮ ಹೊಲದಲ್ಲಿ ನಾನೂ ಇದನ್ನೇ ಮಾಡಿದ್ದೆ. ಹದವಾದ ಮಳೆ ಬಿತ್ತು ಅಂತ 5 ಗುಂಟೆ ಮೆಂತ್ಯೆಯನ್ನು ಒಂದೇ ದಿನ ಚೆಲ್ಲಿದೆ. 25ನೇ ದಿನಕ್ಕೆ ಎಲ್ಲಾ ಮಡಿಯೂ ರೆಡಿ. ಮನೆಯಲ್ಲಿದ್ದವರು ಮೂರೇ ಜನ, ಅದರಲ್ಲಿ ಅವ್ವನಿಗೆ ಮಂಡಿನೋವು. ಸಿವುಡು ಕಟ್ಟಿ ಕಟ್ಟಿ ಬಾಳೆನಾರು ಮುಗಿಯಿತು, ಮೆಂತ್ಯೆ ಮುಗಿಯಲಿಲ್ಲ. ಉಳಿದದ್ದು ಎಮ್ಮೆ ಪಾಲು. ಆ ವಾರವೆಲ್ಲ ಚಹಾದಲ್ಲೂ ಮೆಂತ್ಯೆ ವಾಸನೆ!

ಬಿತ್ತೋದು ಒಂದು ದಿನದ ಕೆಲಸ, ಕೀಳೋದು ತಿಂಗಳುಗಟ್ಟಲೆ. ಅದಕ್ಕೇ ಈಗ ಮೊದಲು ಕೈ ಎಣಿಸುತ್ತೇನೆ, ಆಮೇಲೆ ಬೀಜದ ಅಂಗಡಿಗೆ ಹೋಗುತ್ತೇನೆ. ಮೆಂತ್ಯೆಗೆ 4 ಗುಂಟೆ ಸಾಕು. ವಾರಕ್ಕೆ ಒಂದೇ ಗುಂಟೆ ಚೆಲ್ಲಿ. ನಾಲ್ಕನೆಯದು ಚೆಲ್ಲಿ ಕೈ ತೊಳೆಯುವಷ್ಟರಲ್ಲಿ ಮೊದಲನೆಯದು ಕೀಳೋಕೆ ಬಂದಿರುತ್ತದೆ.

ಬೆಂಡೆ 45-50 ದಿನಕ್ಕೆ ಶುರುವಾದರೆ ದಿನ ಬಿಟ್ಟು ದಿನ ಕೀಳಲೇಬೇಕು. ಹಾಗಾಗಿ ಎರಡು ಭಾಗ ಮಾಡಿ, ಇನ್ನೊಂದನ್ನು 20 ದಿನ ತಡವಾಗಿ ಊರಿ. ಇವತ್ತು ಈ ಭಾಗ, ನಾಳೆ ಆ ಭಾಗ. ಬೆಂಡೆ ಗಿಡದ ಸುಂಕಿಗೆ, ಅಂದರೆ ಆ ಸಣ್ಣ ಚುಚ್ಚುಕೂದಲಿಗೆ, ಕೈ ತುರಿಸುತ್ತದೆ, ಅಲ್ವಾ? ಹಳೇ ಕಾಲುಚೀಲದ ತುದಿ ಕತ್ತರಿಸಿ ಮೊಣಕೈವರೆಗೆ ಏರಿಸಿಕೊಳ್ಳಿ. ಕಾಯಿಯ ತುದಿ ಬಗ್ಗಿಸಿದರೆ ಟಕ್ ಅನ್ನಬೇಕು. ಸುಮ್ನೆ ಬಾಗಿದರೆ ಬಲಿತಿದೆ ಅಂತ ಲೆಕ್ಕ. ಬಲಿತದ್ದನ್ನೂ ಕಿತ್ತು ಬಿಸಾಕಿ, ಗಿಡದಲ್ಲಿ ಬಿಟ್ಟರೆ ಹೊಸ ಹೂವು ಕಡಿಮೆಯಾಗುತ್ತದೆ.

ಚವಳಿ ಬಿಟ್ಟುಬಿಡಿ. ಎಳೆ ಎಳೆಯಾಗಿ ಬಿಡಿಸುತ್ತಾ ಕೂತರೆ ಸೊಂಟ ಹೋಗುತ್ತದೆ, ಬುಟ್ಟಿ ತುಂಬುವುದಿಲ್ಲ. ಅದರ ಬದಲು ಹೀರೆ ಹಾಕಿ, ನಾಲ್ಕು ಕಾಯಿಗೇ ಬುಟ್ಟಿ ಅರ್ಧವಾದಂತೆ ಕಾಣುತ್ತದೆ.

ಇನ್ನು ಆಳಿನ ಮಾತು. ನಮ್ಮ ಕಡೆ ಬೀಜೋತ್ಪಾದನೆ ಪ್ಲಾಟುಗಳು ಜಾಸ್ತಿ. ಅಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದಲೇ ಹೂವಿಗೆ ಪರಾಗ ಮುಟ್ಟಿಸುವ ಕೆಲಸ, ಶುರುವಾದರೆ ಹೆಣ್ಣಾಳು ಸಿಗುವುದೇ ಇಲ್ಲ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ಒಂದು ದಿನ ತಪ್ಪಿದರೂ ಆ ಹೂವು ಹೋಯಿತು. ಅವರನ್ನು ಕಳಿಸಿ ಅಂತ ಯಾರನ್ನು ಕೇಳೋದು? ಆಮೇಲೆ ಹತ್ತಿ, ಅದರ ಹಿಂದೆಯೇ ಮೆಣಸಿನಕಾಯಿ. ಟಂಟಂ ಆಟೋ ತುಂಬಾ ಜನ ಬೇರೆ ಊರಿಗೆ ಹೋಗುತ್ತಾರೆ. ಕೂಲಿ ಜಾಸ್ತಿ ಇದ್ದರೆ ನಾನಾದರೂ ಹೋಗುತ್ತಿದ್ದೆ. ಆ ತಿಂಗಳುಗಳಿಗೆ ಕಾಯುವಂಥ ಬೆಳೆ ಇಟ್ಟುಕೊಳ್ಳಿ. ಕುಂಬಳ ಬಳ್ಳಿಯಲ್ಲೇ ಹದಿನೈದು ದಿನ ಸುಮ್ಮನಿರುತ್ತದೆ. ಮೆಂತ್ಯೆಗೆ ಆ ತಾಳ್ಮೆ ಇಲ್ಲ.

ಪ್ರಶ್ನೆ: ಕೊತ್ತಂಬರಿ ಬೀಜ ಹಾಕಿ ವಾರವಾಯಿತು, ಮೊಳಕೆ ಇಲ್ಲ. ಬೀಜ ಕೆಟ್ಟಿದೆಯಾ? — ಗದಗ

ಉತ್ತರ: ಇನ್ನೊಂದು ವಾರ ಕಾಯಿರಿ, ಅದು ಸೋಮಾರಿ. ಮುಂದಿನ ಸಲ ಕಾಳನ್ನು ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಹಾಕಿ. ಅವ್ವ ಕಾಳನ್ನು ಚೀಲದ ಮೇಲೆ ಹರಡಿ ಚಪ್ಪಲಿಯಿಂದ ಉಜ್ಜುತ್ತಾಳೆ. ನೀವು ಲಟ್ಟಣಿಗೆ ತಗೊಳ್ಳಿ, ಆದರೆ ಹಗುರ ಕೈ ಇರಲಿ. ಪುಡಿಯಾದರೆ ಸಾರಿಗೇ ಹಾಕಬೇಕಾಗುತ್ತದೆ.