ಗಿಡುಗದ ಮರಿ ಸಾಕುವ ಬಗ್ಗೆ

ತೀರ್ಥಹಳ್ಳಿ ಕಡೆಯ ನಿಮ್ಮ ಅಡಿಕೆ ತೋಟದಲ್ಲಿ ಬಿದ್ದು ಸಿಕ್ಕ ಗಿಡುಗದ ಮರಿಯನ್ನು ಬೇಟೆಗೆ ಪಳಗಿಸಬಹುದಾ, ಹೊರದೇಶದ ಸಂಘದವರು ಸಹಾಯ ಮಾಡುತ್ತಾರಾ ಅಂತ ಕೇಳಿದ್ದೀರಿ.

ದಯವಿಟ್ಟು ಸಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಗಾಯವಿಲ್ಲದಿದ್ದರೆ ಬುಟ್ಟಿಗೆ ಒಣ ದರಗು ಹಾಸಿ, ಮರಿಯನ್ನು ಕೂರಿಸಿ, ಗೂಡಿರುವ ಮರಕ್ಕೇ ಆದಷ್ಟು ಎತ್ತರದಲ್ಲಿ ಕಟ್ಟಿ ದೂರ ಸರಿಯಿರಿ. ತಾಯಿ ಬಂದು ಉಣಿಸುತ್ತದೆ. ಹಾಲು, ಅನ್ನ ಬೇಡವೇ ಬೇಡ. ರೆಕ್ಕೆ ಜೋತುಬಿದ್ದಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ಒಪ್ಪಿಸಿ.

ಇನ್ನು ಸಂಘದ ವಿಷಯ. ಐಎಎಫ್ ಅನ್ನುವ, ಗಿಡುಗ ಪಳಗಿಸುವವರ ಆ ಅಂತರರಾಷ್ಟ್ರೀಯ ಒಕ್ಕೂಟ 1968ರಲ್ಲಿ ಶುರುವಾಯಿತು. ಗಿಡುಗ ಪಳಗಿಸುವ ಕಲೆ 2010ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರುವುದಕ್ಕೂ ದುಡಿದವರು ಅವರು. ಅಲ್ಲಿ ಈ ಕಲೆಗೆ ಹೆಸರಿಸಿದ ದೇಶಗಳಲ್ಲಿ ಭಾರತ ಇಲ್ಲ, ಆದರೆ ನಮ್ಮ ಕಲ್ಯಾಣದ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಶ್ಯೇನವಿನೋದದ, ಅಂದರೆ ಗಿಡುಗದ ಬೇಟೆಯ ಬಗ್ಗೆ ಬರೆದಿದ್ದಾನೆ!

ಈ ಕಲೆ ಬಲ್ಲವರ ಮೇಲೆ ನನಗೆ ಗೌರವ ಹುಟ್ಟಿದ್ದು ಪೆರಿಗ್ರಿನ್ ಗಿಡುಗದ ಕಥೆಯಿಂದ. ಡಿಡಿಟಿ ಕೀಟನಾಶಕದಿಂದ ಮೊಟ್ಟೆಯ ಸಿಪ್ಪೆ ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. ಅಮೆರಿಕದ ಪೂರ್ವ ಭಾಗದಲ್ಲಿ ಅದರ ಸಂತತಿಯೇ ಅಳಿಯಿತು. ಆಗ ಪಕ್ಷಿವಿಜ್ಞಾನಿ ಟಾಮ್ ಕೇಡ್ ಮತ್ತು ಜೊತೆಗಾರರು 1970ರಲ್ಲಿ ಪೆರಿಗ್ರಿನ್ ಫಂಡ್ ಅನ್ನುವ ಸಂಸ್ಥೆ ಕಟ್ಟಿ, ಗಿಡುಗ ಪಳಗಿಸುವವರ ಅನುಭವದಿಂದಲೇ ಮರಿ ಮಾಡಿಸಿ ಕಾಡಿಗೆ ಬಿಟ್ಟರು. 1999ರಲ್ಲಿ ಅಲ್ಲಿನ ಅಪಾಯದ ಪಟ್ಟಿಯಿಂದ ಅದರ ಹೆಸರು ಹೊರಬಂತು.

ಅದರದ್ದೇ ಬಳಗದ ಶಾಹೀನ್ ಗಿಡುಗ ನಮ್ಮ ಘಟ್ಟದ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ. ಬೈನಾಕ್ಯುಲರ್ ಹಿಡಿದು ಅದನ್ನು ಹುಡುಕಿ. ಕಂಡರೆ ಗೂಡಿನ ಜಾಗ ಮಾತ್ರ ಯಾರಿಗೂ ಹೇಳಬೇಡಿ, ಜಾಲತಾಣದಲ್ಲೂ ಹಾಕಬೇಡಿ, ಮರಿ ಕದಿಯುವವರು ಇದ್ದಾರೆ.